ಸಾವಿರ ಹಾಡಿಗೆ ಒಟ್ಟಿಗೇ ಟ್ಯಾಗ್ ಹಾಕುವುದು ಹೇಗೆ?

ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಏಳೆಂಟು ಸಾವಿರ ಹಾಡುಗಳಿವೆ. ಕೇಳೋಣ ಅಂತ ಫೋನಿಗೆ ಹಾಕಿದರೆ ಕಾಣುವುದು ಬರೀ 'ಟ್ರ್ಯಾಕ್ 01', 'ಅನ್‌ನೋನ್ ಆರ್ಟಿಸ್ಟ್'. ಫೈಲಿನ ಹೆಸರು ಬದಲಿಸಿದರೆ ಸಾಲದು. ಹೆಚ್ಚಿನ ಪ್ಲೇಯರ್‌ಗಳು ಓದುವುದು ಫೈಲಿನ ಒಳಗಿರುವ ಟ್ಯಾಗನ್ನು, ಅಂದರೆ ಹಾಡು, ಗಾಯಕರು, ಆಲ್ಬಂ ಇತ್ಯಾದಿ ವಿವರದ ಚೀಟಿಯನ್ನು. ಒಂದೊಂದಾಗಿ ತಿದ್ದುತ್ತಾ ಕೂತರೆ ಮುಂದಿನ ದೀಪಾವಳಿಗೂ ಮುಗಿಯುವುದಿಲ್ಲ. ವಿಂಡೋಸ್‌ಗೆ ಉಚಿತವಾಗಿ ಸಿಗುವ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಈ ಕೆಲಸಕ್ಕೆ ಸಾಕು.

ಮೊದಲು ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಡಿ. ಅನ್‌ಡೂ ಇದೆಯಲ್ವಾ ಅನ್ನಬೇಡಿ. ಎಡವಟ್ಟು ಕಣ್ಣಿಗೆ ಬೀಳುವುದು ವಾರ ಕಳೆದ ಮೇಲೆ.

ಎಂಪಿ3ಟ್ಯಾಗ್‌ನಲ್ಲಿ ಒಂದೇ ಸಿನಿಮಾದ ಫೋಲ್ಡರ್ ತೆರೆದು ಶುರು ಮಾಡಿ. ಕಂಟ್ರೋಲ್-ಎ ಒತ್ತಿ ಎಲ್ಲ ಹಾಡು ಆರಿಸಿಕೊಳ್ಳಿ. ಎಡಗಡೆ ಆಲ್ಬಂ, ವರ್ಷ, ಕಂಪೋಸರ್ ಅಂತ ಖಾನೆಗಳಿವೆ. ಅಲ್ಲಿ ಬರೆದದ್ದು ಎಲ್ಲ ಹಾಡಿಗೂ ಅಂಟುತ್ತದೆ. 'ಕೀಪ್' ಎಂದಿರುವ ಖಾನೆ ಮುಟ್ಟದಿದ್ದರೆ ಹಳೆಯದು ಹಾಗೇ ಉಳಿಯುತ್ತದೆ. 'ಬ್ಲಾಂಕ್' ಆರಿಸಿದರೆ ಅಳಿಸಿಹೋಗುತ್ತದೆ, ಹುಷಾರು. ಕಂಟ್ರೋಲ್-ಎಸ್ ಒತ್ತಿದರೆ ಸೇವ್.

ಎಲ್ಲಕ್ಕಿಂತ ಮುಖ್ಯ 'ಆಲ್ಬಂ ಆರ್ಟಿಸ್ಟ್' ಖಾನೆ. ನಮ್ಮ ಸಿನಿಮಾಗಳಲ್ಲಿ ಒಂದು ಹಾಡು ಎಸ್‌ಪಿಬಿಯವರದು, ಇನ್ನೊಂದು ಜಾನಕಿಯವರದು, ಮತ್ತೊಂದು ಇಬ್ಬರದೂ. ಈ ಖಾನೆ ಖಾಲಿ ಬಿಟ್ಟರೆ ಕೆಲವು ಪ್ಲೇಯರ್‌ಗಳು ಒಂದೇ ಸಿನಿಮಾವನ್ನು ಮೂರು ಆಲ್ಬಂ ಮಾಡಿಬಿಡುತ್ತವೆ. ನಾನು ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ಹಾಡಿದವರ ಹೆಸರು 'ಆರ್ಟಿಸ್ಟ್' ಖಾನೆಯಲ್ಲಿ ಇದ್ದೇ ಇರುತ್ತದೆ. ಭಾವಗೀತೆಗೆ ಕವಿಯ ಹೆಸರಿಲ್ಲದಿದ್ದರೆ ಹೇಗೆ? ಆಲ್ಟ್-ಟಿ ಒತ್ತಿ 'ಲಿರಿಸಿಸ್ಟ್' ಖಾನೆ ಸೇರಿಸಿ.

ಫೈಲಿನ ಹೆಸರಲ್ಲೇ ನಂಬರು, ಹಾಡಿನ ಸಾಲು ಇದ್ದರೆ ಮತ್ತೆ ಟೈಪ್ ಮಾಡಬೇಡಿ. ಕನ್ವರ್ಟ್ ಮೆನುವಿನಲ್ಲಿ 'ಫೈಲ್‌ನೇಮ್-ಟ್ಯಾಗ್' ಆರಿಸಿ, ಯಾವ ಭಾಗ ಯಾವ ಖಾನೆಗೆ ಅಂತ ಹೇಳಿದರೆ ಆಯ್ತು. ಮಾದರಿ ಅಲ್ಲೇ ಕಾಣುತ್ತದೆ. ಅದನ್ನು ನೋಡಿಯೇ ಓಕೆ ಒತ್ತಿ.

ಜಾಸ್ತಿ ಹೊತ್ತು ತಿನ್ನುವುದು ಕಾಗುಣಿತ. 'ಎಸ್. ಜಾನಕಿ', 'ಎಸ್ ಜಾನಕಿ', 'ಜಾನಕಿ ಎಸ್' ಅಂದರೆ ಕಂಪ್ಯೂಟರಿಗೆ ಮೂವರು ಗಾಯಕಿಯರು! ಕೂರುವ ಮೊದಲೇ ನೋಟ್‌ಬುಕ್ಕಿನಲ್ಲಿ ಹೆಸರುಗಳ ಪಟ್ಟಿ ಬರೆದುಕೊಳ್ಳಿ. ಕನ್ನಡವೋ ಇಂಗ್ಲಿಷೋ, ಅದನ್ನೂ ಆಗಲೇ ತೀರ್ಮಾನಿಸಿ. ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಕ್ರಮಕ್ಕೆ ಐಡಿ3 ಅನ್ನುತ್ತಾರೆ. ಅದರ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ, ಕನ್ನಡಕ್ಕೆ ಅದು ಆಗದು. ಸೆಟ್ಟಿಂಗ್‌ನಲ್ಲಿ ಐಡಿ3 ಆವೃತ್ತಿ 2.3, ಕನ್ನಡ ಅಕ್ಷರವನ್ನೂ ಉಳಿಸುವ ಯುಟಿಎಫ್-16 ಇರಲಿ. ಅಷ್ಟು ಮಾಡಿದರೂ ನನ್ನ ಕಾರಿನ ಸ್ಟೀರಿಯೊ ಕನ್ನಡದ ಬದಲು ಚೌಕ ತೋರಿಸುತ್ತದೆ. ಪೆನ್‌ಡ್ರೈವ್‌ಗೆ ಬೇರೆ ಇಂಗ್ಲಿಷ್ ಪ್ರತಿ ಮಾಡಿಕೊಂಡೆ.

ಹೆಸರೇ ಗೊತ್ತಿಲ್ಲದ ಹಾಡಿಗೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಸಾಫ್ಟ್‌ವೇರ್ ಇದೆ. ಅದೂ ಉಚಿತ. ಹಾಡಿನ ದನಿಯ ಗುರುತು ಹಿಡಿದು ಮಾಹಿತಿ ಹುಡುಕುತ್ತದೆ. ಆದರೆ ಆ ಹಾಡಿನ ವಿವರವನ್ನು ಯಾರಾದರೂ ಮೊದಲೇ ಸೇರಿಸಿದ್ದರಷ್ಟೇ ಸಿಗುವುದು. ಮನೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡ ಸೋಬಾನೆ ಹಾಡಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿ ಕೇಳಿ ಕೈಯಾರೆ ಬರೆಯಬೇಕು. ನನ್ನಲ್ಲಿ ಅಂಥವು ಇನ್ನೂ ನಲವತ್ತು ಬಾಕಿ.