ಚಿನ್ನದ ಮೆರುಗಿನ ಜಪಾನಿ ಕತ್ತಿಗೆ ಹುಣಸೆಹಣ್ಣು ಮುಟ್ಟಿಸಬೇಡಿ

ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟು, ಹಿತ್ತಾಳೆ ಬೆಳಗುವ ಪುಡಿ. ಈ ಐದನ್ನೂ ಕತ್ತಿಯ ಹತ್ತಿರ ತರಬೇಡಿ. ಸಾವಿರಾರು ರೂಪಾಯಿ ಸುರಿದು ಕಟಾನಾ ಎಂಬ ಜಪಾನಿ ಕತ್ತಿಯನ್ನು ಚಿನ್ನದ ಬಣ್ಣದ್ದೇ ಬೇಕೆಂದು ತರಿಸಿಕೊಳ್ಳುತ್ತೀರಿ, ಹಜಾರದಲ್ಲಿ ಇಡುತ್ತೀರಿ, ಸ್ವಲ್ಪ ಮಂಕಾಯಿತು ಅಂದ ಕೂಡಲೇ ದೀಪದ ಕಂಬ ತಿಕ್ಕಿದ ಹಾಗೆ ತಿಕ್ಕಿಬಿಡುತ್ತೀರಿ. ಆಮೇಲೆ ಬಿಳಿಬಿಳಿ ಮಚ್ಚೆ ಎದ್ದ ಕತ್ತಿ ಹಿಡಿದುಕೊಂಡು, ಮಾರಿದವನು ಮೋಸ ಮಾಡಿದ ಅನ್ನುತ್ತೀರಿ. ಎಷ್ಟೋ ಸಲ ಅವನದೇನೂ ತಪ್ಪಿರುವುದಿಲ್ಲ. ತಪ್ಪು ನಿಮ್ಮ ಕೈಯಲ್ಲಿದ್ದ ನಾರಿನದು.

ದೀಪದ ಕಂಬ ಒಳಗೂ ಹೊರಗೂ ಹಿತ್ತಾಳೆಯೇ. ಎಷ್ಟು ತಿಕ್ಕಿದರೂ ಕೆಳಗೆ ಮತ್ತೆ ಹಿತ್ತಾಳೆಯೇ ಸಿಗುತ್ತದೆ. ಕತ್ತಿಯ ಮೇಲಿನ ಚಿನ್ನ ಹಾಗಲ್ಲ, ಅದು ಒಂದು ಗ್ರಾಂ ಚಿನ್ನದ ಸರದ ಜಾತಿ. ಅಲಂಕಾರದ ಕತ್ತಿಗಳಲ್ಲಿ ಒಳಗಿರುವುದು ಬಹುಮಟ್ಟಿಗೆ ಸತು ಮತ್ತು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದ ಲೋಹ, ಅದರ ಮೇಲೆ ಮೈಕ್ರಾನ್ ಲೆಕ್ಕದ ಲೇಪ, ಅದರ ಮೇಲೂ ಎಷ್ಟೋ ಸಲ ಬಣ್ಣವಿಲ್ಲದ ವಾರ್ನಿಷ್. ಹುಣಸೆಯ ಹುಳಿ ಲೇಪದ ಸಣ್ಣ ರಂಧ್ರಗಳಿಂದ ಇಳಿದು ಒಳಗಿನ ಸತುವನ್ನು ತಿನ್ನುತ್ತದೆ. ತಿಂದ ಸತು ಬಿಳಿ ಹಿಟ್ಟಾಗಿ ಉಬ್ಬಿ ಚಿನ್ನವನ್ನು ಮೇಲಕ್ಕೆತ್ತುತ್ತದೆ. ಗುಳ್ಳೆ ಎದ್ದ ಮೇಲೆ ಯಾವ ಔಷಧಿಯೂ ಇಲ್ಲ. ಒಣಗಿಸಿ ಸುಮ್ಮನೆ ಬಿಡಬೇಕು. ಅದರ ಮೇಲೆ ಚಿನ್ನದ ಬಣ್ಣದ ಪೇಂಟ್ ಬಳಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕೈ ಹಾಕುವ ಮೊದಲು ನಿಮ್ಮ ಕತ್ತಿಯಲ್ಲಿ ಯಾವುದು ಚಿನ್ನ, ಯಾವುದು ಚಿನ್ನದ ಬಣ್ಣ ಅಂತ ನೋಡಿಕೊಳ್ಳಿ. ಅಲಗಿನ ಮೈತುಂಬ ಚಿನ್ನ ಹೊದಿಸುವುದು ಜಪಾನಿನ ಕಮ್ಮಾರರ ಪದ್ಧತಿಯಲ್ಲ. ಅವರಿಗೆ ಅಲಗು ಅಂದರೆ ಉಕ್ಕಿನ ಹೊಳಪು, ಹರಿತದ ಉದ್ದಕ್ಕೂ ಮೋಡದ ಹಾಗೆ ಕಾಣುವ ಹಾಮೋನ್ ಗೆರೆ. ಚಿನ್ನ ಇರುತ್ತಿದ್ದದ್ದು ಒಡವೆಯ ಜಾಗದಲ್ಲಿ: ಅಲಗಿನ ಬುಡಕ್ಕೆ ತೊಡಿಸುವ ಹಬಾಕಿ ಎಂಬ ಪಟ್ಟಿ, ಕೈಗೂ ಅಲಗಿಗೂ ನಡುವೆ ಕೂರುವ ತ್ಸುಬಾ ಬಿಲ್ಲೆ, ಹಿಡಿಯ ನೂಲಿನ ಸುತ್ತಿನಡಿ ಇಣುಕುವ ಮೆನುಕಿ ಗೊಂಬೆಗಳು, ಹಿಡಿಯ ಎರಡು ತುದಿಯ ಫುಚಿ ಮತ್ತು ಕಾಶಿರಾ, ಆಮೇಲೆ ಒರೆಯ ಮೇಲೆ ಅರಗಿನ ಜೊತೆ ಉದುರಿಸಿದ ಚಿನ್ನದ ಪುಡಿ. ಆ ಪುಡಿ ಕೆಲಸಕ್ಕೆ ಮಾಕಿಎ ಅನ್ನುತ್ತಾರೆ. ಅದೇ ಪುಡಿಯನ್ನು ಮರಸೇಬಿನ ಸಿಪ್ಪೆಯ ಚುಕ್ಕೆಗಳ ಹಾಗೆ ಹರಡಿದರೆ ನಶಿಜಿ. ಆಸ್ಥಾನದವರು ಸೊಂಟಕ್ಕೆ ತೂಗುಬಿಡುತ್ತಿದ್ದ ತಾಚಿ ಎಂಬ ಅಲಂಕಾರದ ಕತ್ತಿಗಳಲ್ಲಿ ಈ ಕೆಲಸವನ್ನು ಕಣ್ತುಂಬ ನೋಡಬಹುದು. 1876ರಲ್ಲಿ ಮೇಜಿ ಸರ್ಕಾರ ಸೈನ್ಯ, ಪೊಲೀಸು ಮುಂತಾದವರನ್ನು ಬಿಟ್ಟು ಉಳಿದವರು ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಲ್ಲಿಸಿತು. ಕತ್ತಿಯ ಒಡವೆ ಮಾಡುತ್ತಿದ್ದ ಕುಶಲಕರ್ಮಿಗಳಲ್ಲಿ ಎಷ್ಟೋ ಜನ ಹೂದಾನಿ, ಡಬ್ಬಿ ಮಾಡಿ ಹೊರದೇಶಕ್ಕೆ ಮಾರುವ ಕೆಲಸಕ್ಕೆ ತಿರುಗಿದರು. ಈಗ ಸಂಗ್ರಹಕಾರರಿಗೆಂದು ಮಾಡುವ ಮಾದರಿ ಕತ್ತಿಗಳ ದೊಡ್ಡ ಊರು ಗಿಫು ಪ್ರಾಂತ್ಯದ ಸೆಕಿ. ಚಿನ್ನದ ರೇಕು ಬೇಕೆಂದರೆ ಜಪಾನಿಗೆಲ್ಲ ಕಾನಜಾವಾವೇ ತವರು. ಆ ರೇಕು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ತೆಳು. ಅದರ ಮೇಲೆ ನಾರು ಆಡಿಸುತ್ತೀರಾ?

ಹಾಗಾಗಿ ನಿಮ್ಮದರ ಅಲಗೂ ಚಿನ್ನದ ಬಣ್ಣದ್ದಾಗಿದ್ದರೆ ಅದು ನೋಡುವುದಕ್ಕೆ ಮಾತ್ರ. ಒಂದು ಅಯಸ್ಕಾಂತವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಅಲಗಿನ ಬುಡಕ್ಕೆ ಹಿಡಿಯಿರಿ. ಅಂಟದಿದ್ದರೆ ಹೆಚ್ಚಾಗಿ ಸತುವಿನ ಎರಕ, ಅಂಟಿದರೆ ಉಕ್ಕು. ಉಕ್ಕಾದರೂ ಬೀಸುವ ಹುಚ್ಚು ಬೇಡ. ಅಗ್ಗದ ಅಲಂಕಾರದ ಕತ್ತಿಯಲ್ಲಿ ಹಿಡಿಯೊಳಗೆ ಹೋಗುವ ಬಾಲ ಪೆನ್ಸಿಲ್ಲಿನಷ್ಟೇ ದಪ್ಪ, ಅದೂ ಬೆಸುಗೆ ಹಾಕಿದ್ದು. ಬೂದುಗುಂಬಳಕಾಯಿ ಒಡೆಯಲು ಹೋದರೆ ಕಾಯಿ ಉಳಿದು ಅಲಗು ಹಾರುತ್ತದೆ, ಎದುರಿಗೆ ಮಕ್ಕಳು ನಿಂತಿರುತ್ತಾರೆ.

ಇನ್ನೊಂದು ವಸ್ತು ಇದೆ, ಗೊತ್ತಿಲ್ಲದವರ ಕೈಗೆ ಸಿಕ್ಕಿ ಹಾಳಾಗುವಂಥದ್ದು. ಹಳೆಯ ಒಳ್ಳೆಯ ತ್ಸುಬಾ, ಮೆನುಕಿಗಳಲ್ಲಿ ಚಿನ್ನದ ಚಿತ್ರದ ಹಿಂದೆ ನೇರಳೆ ಮಿಶ್ರಿತ ಕಪ್ಪು ಹಿನ್ನೆಲೆ ಇರುತ್ತದೆ. ಅದು ಕೊಳೆ ಅಲ್ಲ! ಶಕುದೋ ಅಂತ ಅದರ ಹೆಸರು. ತಾಮ್ರಕ್ಕೆ ನೂರಕ್ಕೆ ನಾಲ್ಕೈದು ಪಾಲು ಚಿನ್ನ ಬೆರೆಸಿ, ಕುದಿಯುವ ದ್ರಾವಣದಲ್ಲಿ ಬೇಯಿಸಿ ಬರಿಸಿದ ಬಣ್ಣ. ಹದಿನೈದನೇ ಶತಮಾನದಲ್ಲಿ ಗೋತೋ ಯೂಜೋ ಎಂಬ ಕುಶಲಕರ್ಮಿ ಕಟ್ಟಿದ ಮನೆತನ ಈ ಲೋಹದಲ್ಲಿ ಕೆಲಸ ಮಾಡಿಯೇ ಹೆಸರಾದದ್ದು. ಅದನ್ನು ‘ಬೆಳಗಿ’ ತಾಮ್ರದ ಬಣ್ಣಕ್ಕೆ ತಂದರೆ ಬೆಲೆಯ ಮುಕ್ಕಾಲು ಪಾಲು ಪಾತ್ರೆ ತೊಳೆಯುವ ತೊಟ್ಟಿಗೆ ಹೋಯಿತು ಅಂದುಕೊಳ್ಳಿ. ಅಸಲಿ ಹಳೆಯ ಕತ್ತಿಯಾದರೆ ಹಿಡಿಯೊಳಗಿನ ಬಾಲದ ತುಕ್ಕನ್ನೂ ಮುಟ್ಟಬಾರದು. ಆ ಕಂದು ತುಕ್ಕು ನೋಡಿಯೇ ತಿಳಿದವರು ವಯಸ್ಸು ಹೇಳುವುದು.

ಈಗ ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ಬೇಡ, ಎಳ್ಳೆಣ್ಣೆಯೂ ಬೇಡ. ಅವು ದಿನ ಕಳೆದಂತೆ ಜಿಗುಟಾಗುತ್ತವೆ, ಕಮಟುತ್ತವೆ, ದೂಳು ಹಿಡಿಯುತ್ತವೆ. ತಾಮ್ರದ ಹಬಾಕಿಗೆ ತಾಗಿದರೆ ಹಸಿರು ಮೇಣ ಕಟ್ಟುತ್ತದೆ. ಹಳೆಯ ದೀಪದ ಬತ್ತಿಯ ಬಾಯಲ್ಲಿ ಹಸಿರು ಅಂಟು ಕಂಡಿದ್ದೀರಲ್ಲ, ಅದೇ ಇದು. ಜಪಾನಿನವರು ಬಳಸುವುದು ಚೋಜಿ ಎಣ್ಣೆ. ಚೋಜಿ ಅಂದರೆ ಲವಂಗ. ಇಷ್ಟು ಕೇಳಿದ ಕೂಡಲೇ ಔಷಧದ ಅಂಗಡಿಗೆ ಓಡಿ ಹಲ್ಲುನೋವಿನ ಲವಂಗದೆಣ್ಣೆ ತಂದು ಸುರಿಯಬೇಡಿ. ಈಗ ಸಿಗುವ ಚೋಜಿ ಎಣ್ಣೆಯಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ತೆಳುವಾದ ಖನಿಜದೆಣ್ಣೆ, ಲವಂಗ ಇರುವುದು ಪರಿಮಳಕ್ಕೆ. ಬರೀ ಲವಂಗದೆಣ್ಣೆ ಬಣ್ಣ, ವಾರ್ನಿಷ್ ಎರಡನ್ನೂ ಮೆತ್ತಗೆ ಮಾಡುತ್ತದೆ. ಚೋಜಿ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ಸಾಕು, ನೀರಿನ ಹಾಗೆ ತಿಳಿಯಾಗಿರಬೇಕು ಅಷ್ಟೇ.

ಆದರೆ ಎಣ್ಣೆಗಿಂತ ದೊಡ್ಡದು ಬಟ್ಟೆ. ಇದನ್ನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹೊಸ ಮೈಕ್ರೋಫೈಬರ್ ಪೊಟ್ಟಣ ಒಡೆದು ಹಾಗೇ ಉಜ್ಜುತ್ತಾರೆ. ನಾನು ಹೇಳುವುದು ಹಳೆಯ ಪಂಚೆ. ನಮ್ಮ ಹಿರಿಯರು ಚಿನ್ನದ ರೇಕಿನ ಮೈಸೂರು ಚಿತ್ರಪಟಗಳ ಗಾಜು ಒರೆಸಲು ಸವೆದ ಪಂಚೆಯ ತುಂಡನ್ನೇ ಎತ್ತಿಡುತ್ತಿದ್ದರು, ಬೇರೆ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಸವೆದಿರಬೇಕು. ಅಂಚು ಕತ್ತರಿಸಿ ಬಿಸಾಕಿ, ಬಣ್ಣದ ದಾರವೂ ಹೊಲಿಗೆಯೂ ಗೀರು ಬೀಳಿಸುತ್ತವೆ. ನಡುವಿನ ಭಾಗದಿಂದ ಎರಡು ಅಂಗೈ ಅಗಲದ ಮೂರು ತುಂಡು ತೆಗೆಯಿರಿ. ಸೋಪು ಹಾಕದೆ ಬರೀ ನೀರಿನಲ್ಲಿ ಕುದಿಸಿ, ಚೆಲ್ಲಿ, ಮತ್ತೆ ಕುದಿಸಿ. ಮೊದಲ ನೀರು ಹೇಗೆ ಕಲಗಚ್ಚಿನ ಹಾಗೆ ಕಾಣುತ್ತದೆ ನೋಡಿ, ಅದೆಲ್ಲ ಹಳೆಯ ಗಂಜಿ, ನೀಲಿ, ಸೋಪಿನ ಪುಡಿ. ನೀರು ತಿಳಿಯಾಗುವ ತನಕ ಬಿಡಬೇಡಿ. ಕೊನೆಯ ಸಲ ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಬಟ್ಟೆಯಲ್ಲೇ ಕೂತು ಮರಳಿನ ಕೆಲಸ ಮಾಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಒ ಫಿಲ್ಟರ್ ನೀರಿನಲ್ಲಿ ಜಾಲಿಸಿ. ಒಣಹಾಕುವುದು ಮನೆಯೊಳಗೆ, ನೆರಳಲ್ಲಿ. ಕಾಂಪೌಂಡಿನ ಮೇಲೆ ಹಾಕಿದರೆ ರಸ್ತೆಯ ದೂಳೆಲ್ಲ ಅದಕ್ಕೇ ಅಂಟುತ್ತದೆ.

ಒಣಗಿದ ಮೇಲೆ ಪರೀಕ್ಷೆ. ಬಳಸದ ಹಳೆಯ ಸಿಡಿ ಇದ್ದರೆ ಅದರ ಹೊಳೆಯುವ ಬದಿಯನ್ನು ಈ ಬಟ್ಟೆಯಿಂದ ಹತ್ತು ಸಲ ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಷ್ಟು ಹೊಸ ಗೀರು ಕಂಡರೂ ಆ ತುಂಡು ಕತ್ತಿಗೆ ಬರುವುದಿಲ್ಲ, ಮತ್ತೆ ಕುದಿಸಿ.

ಕೆಲಸಕ್ಕೆ ಕೂರುವ ಮೊದಲು ಬಳೆ, ಉಂಗುರ, ವಾಚು ಬಿಚ್ಚಿಡಿ. ಕೈ ತೊಳೆದು ಪೂರ್ತಿ ಒಣಗಿಸಿ. ನೆಲದ ಮೇಲೆ ದಪ್ಪ ಹೊದಿಕೆ ಹಾಸಿ. ಅಲಗು ಹೊರಗಿರುವಾಗ ಅದರ ಮೇಲೆ ಮಾತಾಡಬೇಡಿ, ಎಂಜಲಿನ ಸಣ್ಣ ಹನಿ ಸಾಕು ಉಕ್ಕಿನ ಮೇಲೆ ತುಕ್ಕಿನ ಚುಕ್ಕೆ ಇಡಲು. ಎಡಗೈಯಲ್ಲಿ ಒರೆಯನ್ನು ಅದರ ಬಾಯಿಯ ಹತ್ತಿರ ಹಿಡಿದು, ಅಲಗಿನ ಹರಿತ ಮೇಲ್ಮುಖವಾಗಿರಲಿ, ಹೆಬ್ಬೆರಳಿಂದ ತ್ಸುಬಾವನ್ನು ಒತ್ತಿ ಹಬಾಕಿಯನ್ನು ಸಡಿಲಿಸಿ. ಆಮೇಲೆ ಬೆನ್ನು ಮರದ ಮೇಲೆ ಜಾರುವ ಹಾಗೆ ಒಂದೇ ಎಳೆತದಲ್ಲಿ ತೆಗೆಯಿರಿ. ಹರಿತದ ಕಡೆಯ ಒರೆಯ ಕೂಡುಗೆರೆ ಮೇಲೆ ಬೆರಳು ಸುತ್ತಬೇಡಿ, ಒರೆ ಸೀಳಿದರೆ ಬೆರಳೂ ಸೀಳುತ್ತದೆ.

ಮೊದಲ ತುಂಡು ಒಣದು. ನಾಲ್ಕು ಮಡಿಕೆ ಮಾಡಿ, ಮಡಿಕೆಯನ್ನು ಅಲಗಿನ ಬೆನ್ನಿನ ಮೇಲೆ ಕೂರಿಸಿ, ಎರಡು ಬೆರಳಲ್ಲಿ ಹೂವಿನ ಎಸಳು ಹಿಡಿದಷ್ಟೇ ಮೆತ್ತಗೆ ಹಿಡಿಯಿರಿ. ಹರಿತ ನಿಮ್ಮಿಂದ ಆಚೆಗಿರಬೇಕು. ಬುಡದಿಂದ ಮೊನೆಗೆ ಒಂದೇ ದಿಕ್ಕು, ಹಿಂದಕ್ಕೆ ಬರುವಂತಿಲ್ಲ. ಮೊನೆ ಹತ್ತಿರ ಬಂದಾಗ ನಿಧಾನ, ಬೆರಳು ಕುಯ್ದುಕೊಳ್ಳುವವರೆಲ್ಲ ಅಲ್ಲೇ ಕುಯ್ದುಕೊಳ್ಳುವುದು. ಪ್ರತಿ ಎಳೆತಕ್ಕೂ ಮಡಿಕೆಯ ಹೊಸ ಮುಖ ತಿರುಗಿಸಿ. ಎರಡನೇ ತುಂಡು ಬರೀ ಉಕ್ಕಿನ ಅಲಗಿಗೆ ಮಾತ್ರ, ಅದಕ್ಕೆ ಶುದ್ಧ ಸ್ಪಿರಿಟ್ ಸೋಕಿಸಿ ಹಳೆಯ ಎಣ್ಣೆ ತೆಗೆಯಿರಿ. ಚಿನ್ನದ ಲೇಪದ ಮೇಲೆ, ಒರೆಯ ಮೇಲೆ ಸ್ಪಿರಿಟ್ ಬೇಡವೇ ಬೇಡ. ವಾರ್ನಿಷ್ ಕರಗಿ ಹುಳುಕಡ್ಡಿ ಹತ್ತಿದ ಚರ್ಮದ ಹಾಗೆ ಆಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಗೂ ಇದೇ ಮಾತು. ಮೂರನೇ ತುಂಡಿಗೆ ಎಣ್ಣೆ. ಎಪ್ಪತ್ತು ಸೆಂಟಿಮೀಟರ್ ಅಲಗಿಗೆ ಎರಡೂ ಮೈ ಸೇರಿ ಮೂರು ಹನಿ, ಚಿನ್ನದ ಲೇಪದ್ದಾದರೆ ಅದರ ಅರ್ಧ. ಹನಿ ಹಾಕಿ, ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಸುಕಿ, ಎಣ್ಣೆ ಎಲ್ಲ ಎಳೆಗೂ ಹೋದ ಮೇಲೆ ಸವರಿ. ಆಮೇಲೆ ಟಿಶ್ಯೂ ಕಾಗದವನ್ನು ಅಲಗಿಗೆ ಒತ್ತಿ ತೆಗೆಯಿರಿ. ಕಾಗದದ ಮೇಲೆ ಒದ್ದೆ ಮಚ್ಚೆ ಬಿದ್ದರೆ ಎಣ್ಣೆ ಹೆಚ್ಚಾಗಿದೆ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಹೆಚ್ಚಾದ ಎಣ್ಣೆ ಒರೆಯೊಳಗೆ ಇಳಿದು, ಮರ ಅದನ್ನು ಹೀರಿ, ದೂಳಿನ ಜೊತೆ ಮಸಿಯಾಗಿ ಪ್ರತಿ ಸಲವೂ ಅಲಗನ್ನೇ ಗೀಚುತ್ತದೆ.

ಕತ್ತಿಯ ಆರೈಕೆಗೆಂದು ಮಾರುವ ಜಪಾನಿ ಡಬ್ಬಿಯಲ್ಲಿ ಒಂದು ಕೋಲಿಗೆ ಕಟ್ಟಿದ ಕೆಂಪು ಚೆಂಡು ಬರುತ್ತದೆ, ಉಚಿಕೊ. ಅದರೊಳಗಿರುವುದು ಸಾಣೆಕಲ್ಲಿನ ನುಣ್ಣನೆ ಪುಡಿ. ಚಿನ್ನದ ಲೇಪದ ಅಲಗಿಗೆ ಅದನ್ನು ತಟ್ಟಿದರೆ ಸಾಣೆ ಹಿಡಿದಂತೆಯೇ. ಡಬ್ಬಿಯಲ್ಲಿ ಕೊಟ್ಟಿದ್ದಾರೆ ಅಂತ ಎಲ್ಲ ಬಳಸಬೇಕೆಂದಿಲ್ಲ, ಮುಚ್ಚಿಡಿ.

ತ್ಸುಬಾದ ಕೆತ್ತನೆಯ ಸಂದಿಯಲ್ಲಿ ಕೂತ ದೂಳಿಗೆ ಚಿತ್ರ ಬಿಡಿಸುವ ಮೆತ್ತನೆ ಕುಂಚ. ಕುಂಚದ ಕೂದಲನ್ನು ಹಿಡಿದಿರುವ ತಗಡಿನ ಪಟ್ಟಿಗೆ ಟೇಪು ಸುತ್ತಿಕೊಳ್ಳಿ, ಇಲ್ಲದಿದ್ದರೆ ಕೂದಲಿಗಿಂತ ಮೊದಲು ತಗಡು ಗೀರುತ್ತದೆ. ಹಿಡಿಯ ನೂಲಿನ ಸುತ್ತನ್ನು ತೊಳೆಯಬೇಡಿ, ಅದರಡಿ ಇರುವ ತೊರಕೆ (ಸ್ಟಿಂಗ್‌ರೇ) ಮೀನಿನ ಚರ್ಮವೂ ಮರವೂ ನೀರು ಕುಡಿದು ಸಡಿಲವಾಗುತ್ತವೆ. ಹಿಡಿಗೆ ಅಡ್ಡಲಾಗಿ ಇರುವ ಬಿದಿರಿನ ಮೊಳೆ, ಮೆಕುಗಿ, ಅಲ್ಲಾಡುತ್ತಿದ್ದರೆ ಬಿದಿರಿನದನ್ನೇ ಹಾಕಿಸಿ. ಬೆಂಕಿಕಡ್ಡಿ ತುರುಕುವುದು ಯಾವ ಬುದ್ಧಿ?

ಒರೆಯ ಬಗ್ಗೆ ಒಂದು ಮಾತು. ಜಪಾನಿನ ಉರುಷಿ ಅರಗು ನಮ್ಮ ಚನ್ನಪಟ್ಟಣದ ಅರಗಿನಂಥದ್ದಲ್ಲ. ನಮ್ಮದು ಹುಳು ಕೊಡುವುದು, ಅದು ಗೇರಿನ ಕುಟುಂಬದ ಮರದ ಹಾಲು. ಒಳಗಿನ ಮರ ಹೊನೊಕಿ, ಮೆತ್ತಗಿದ್ದು ಅಂಟು ಕಡಿಮೆ ಇರುವುದರಿಂದಲೇ ಆರಿಸಿದ್ದು. ಬಿಸಿಲು ನೇರವಾಗಿ ಬಿದ್ದರೆ ಉರುಷಿಯ ಹೊಳಪು ಸತ್ತು ಚಿನ್ನದ ಪುಡಿ ಸಡಿಲವಾಗುತ್ತದೆ. ತೀರ ಒಣ ಹವೆಯಲ್ಲಿ ಮರ ಕುಗ್ಗಿ ಬಿರುಕು ಬಿಡುತ್ತದೆ, ಆದ್ದರಿಂದ ಬೆಂಗಳೂರಿನ ಏಪ್ರಿಲ್‌ನಲ್ಲಿ ಗಾಜಿನ ಪೆಟ್ಟಿಗೆ ತುಂಬ ಸಿಲಿಕಾ ಪೊಟ್ಟಣ ಸುರಿಯಬೇಡಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಕಿ, ಹದಿನೈದು ದಿನಕ್ಕೊಮ್ಮೆ ಕತ್ತಿ ತೆಗೆದು ನೋಡಿ. ಉಳಿದ ಕಾಲಕ್ಕೆ ಮೂರು ತಿಂಗಳಿಗೊಮ್ಮೆ ಎಣ್ಣೆ ಸಾಕು. ತೇವ ನೂರಕ್ಕೆ ಐವತ್ತರಿಂದ ಅರವತ್ತರ ಒಳಗಿದ್ದರೆ ಕತ್ತಿಗೂ ಒರೆಗೂ ಸುಖ. ನುಸಿಗುಳಿಗೆ, ರಬ್ಬರ್ ಬ್ಯಾಂಡು, ಪ್ಲಾಸ್ಟಿಕ್ ಕವರು ಮೂರೂ ದೂರ. ಅಂದ ಹಾಗೆ, ಬೀರುವಿನ ಜರಿ ಸೀರೆಗೂ ಇದೇ ಲೆಕ್ಕ. ಅಸಲಿ ಜರಿಯೂ ಬೆಳ್ಳಿ ಎಳೆಯ ಮೇಲೆ ಚಿನ್ನದ ಲೇಪವೇ ತಾನೇ? ನುಸಿಗುಳಿಗೆ ಹಾಕಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟು, ಜರಿ ಕಪ್ಪಾಗಿ ಮಡಿಕೆಯಲ್ಲಿ ಸೀಳಿತು ಅಂತ ಅಳುವವರಿಗೆ ಹೇಳಿ ಸಾಕಾಗಿದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಇಡುವಾಗ ಕಟಾನಾದ ಹರಿತ ಮೇಲಕ್ಕೆ, ಹಿಡಿ ನೋಡುವವರ ಎಡಕ್ಕೆ. ತಾಚಿಯಾದರೆ ಹರಿತ ಕೆಳಕ್ಕೆ, ಅದು ತೂಗುಬಿಡುವ ಕತ್ತಿ. ಒಗ್ಗರಣೆಯ ಹೊಗೆ ಬರುವ ಗೋಡೆ ಬೇಡ, ಊದಿನಕಡ್ಡಿಯ ಪಕ್ಕವೂ ಬೇಡ. ಆಯುಧಪೂಜೆಗೆ ಇಡುತ್ತೀರಾದರೆ ಅರಿಸಿನ ಕುಂಕುಮವನ್ನು ಸ್ಟ್ಯಾಂಡಿನ ಮರಕ್ಕೆ ಹಚ್ಚಿ, ಹೂವನ್ನೂ ಅಲ್ಲೇ ಏರಿಸಿ. ಒದ್ದೆ ಕುಂಕುಮ ಒರೆಯ ರೇಷ್ಮೆ ಹಗ್ಗಕ್ಕೆ ತಾಗಿದರೆ ಕಲೆ ಹೋಗುವುದಿಲ್ಲ. ಮೊನೆಗೆ ನಿಂಬೆಹಣ್ಣು ಚುಚ್ಚುವ ಆಸೆಯಿದ್ದರೆ ಅದಕ್ಕೆ ಅಡುಗೆಮನೆಯ ಚಾಕು ಇದೆ.

ಎಣ್ಣೆ ಬಟ್ಟೆಯನ್ನು ಕೆಲಸ ಮುಗಿದ ಮೇಲೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು ‘ಕತ್ತಿಯದು’ ಅಂತ ಚೀಟಿ ಅಂಟಿಸಿ. ಚೀಟಿ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಯಾರಾದರೂ ಅದರಲ್ಲೇ ದೋಸೆ ಕಾವಲಿ ಒರೆಸುತ್ತಾರೆ.