ವಿಮಾನದ ಬಾಗಿಲು ಮುಚ್ಚಿದಾಗ ಉಸಿರುಗಟ್ಟುವವರಿಗೆ

ಬಾಗಲಕೋಟೆಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ನಗುನಗುತ್ತ ಬಂದ ಅವ್ವ, ವಿಮಾನದ ಬಾಗಿಲು ಮುಚ್ಚಿದೊಡನೆ ನನ್ನ ಮುಂಗೈ ಬಿಗಿಯಾಗಿ ಹಿಡಿದು, "ತಮ್ಮಾ, ಬಾಗಲಾ ತಗಿ ಅನ್ನು, ನನಗ ಉಸರ ಕಟ್ಟಾಕತ್ತೈತಿ" ಎಂದಳು. ಇಳಕಲ್ ಸೀರೆಯ ಸೆರಗನ್ನು ಕೊರಳಿನಿಂದ ಸಡಿಲಿಸಿಕೊಳ್ಳುತ್ತಿದ್ದ ಅವಳ ಬೆರಳುಗಳು ತಣ್ಣಗಾಗಿದ್ದವು. ವಿಮಾನ ಬೀಳಬಹುದೆಂಬ ಚಿಂತೆ ಅವಳಿಗಿರಲಿಲ್ಲ. ಬೇಕೆಂದಾಗ ಎದ್ದು ಹೊರಗೆ ಹೋಗಲಾಗದು ಎಂಬುದೊಂದೇ ಅವಳನ್ನು ಹಿಂಡುತ್ತಿತ್ತು. "ಏನೂ ಆಗೂದಿಲ್ಲ, ಸುಮ್ನ ಕೂಡು" ಎಂದು ನಾನು ಗದರಿದ್ದು ದೊಡ್ಡ ತಪ್ಪು. ಇಕ್ಕಟ್ಟಿನ ಜಾಗದ ಈ ಭಯಕ್ಕೆ ಕ್ಲಾಸ್ಟ್ರೋಫೋಬಿಯಾ ಎನ್ನುತ್ತಾರೆ. ಗದರಿದರೆ ಅದು ಹೋಗುವುದಿಲ್ಲ, ಅಭ್ಯಾಸದಿಂದ ತಗ್ಗುತ್ತದೆ.

ಮೊದಲು ದೇಹದಲ್ಲಿ ಏನಾಗುತ್ತದೆಂದು ತಿಳಿದಿರಬೇಕು. ಹೆದರಿದಾಗ ನಾವು ಅರಿವಿಲ್ಲದೆ ಬೇಗಬೇಗ ಉಸಿರಾಡುತ್ತೇವೆ. ಇದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ಇಳಿದು, ಬೆರಳು ಜುಮುಗುಟ್ಟುತ್ತವೆ, ತಲೆ ಹಗುರಾಗಿ ತಿರುಗುತ್ತದೆ, ಗಾಳಿಯೇ ಸಾಲುತ್ತಿಲ್ಲ ಎನ್ನಿಸುತ್ತದೆ. ಗಾಳಿ ಸಾಲದೆ ಹೀಗಾಗುವುದಿಲ್ಲ, ಉಸಿರಾಟ ಹೆಚ್ಚಾಗಿ ಹೀಗಾಗುತ್ತದೆ ಎಂಬುದನ್ನು ಒಮ್ಮೆ ಮನದಟ್ಟು ಮಾಡಿಕೊಂಡರೆ ಅರ್ಧ ಹೊರೆ ಇಳಿದಂತೆ. ಈ ಉಬ್ಬರವು ಸಾಮಾನ್ಯವಾಗಿ ಸುಮಾರು 10 ನಿಮಿಷಗಳೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯತೊಡಗುತ್ತದೆ.

ಒಂದೆರಡು ತಿಂಗಳು ಮೊದಲು

ಪ್ರಯಾಣ ಗೊತ್ತಾದೊಡನೆ ಅಭ್ಯಾಸ ಶುರುವಾಗಲಿ. ನಿಮಗೆ ಉಸಿರುಗಟ್ಟಿಸುವ ಜಾಗಗಳನ್ನು ಕಡಿಮೆ ಭಯದಿಂದ ಹೆಚ್ಚಿನ ಭಯದತ್ತ ಸಾಲಾಗಿ ಬರೆದುಕೊಳ್ಳಿ. ಅವ್ವನ ಪಟ್ಟಿಯಲ್ಲಿ ಬಾಗಿಲು ಹಾಕಿಕೊಂಡ ಚಿಕ್ಕ ಕೋಣೆ ಮೊದಲಿತ್ತು, ಆಮೇಲೆ ಆಸ್ಪತ್ರೆಯ ಲಿಫ್ಟ್, ಆಮೇಲೆ ಪರದೆ ಎಳೆದುಕೊಂಡ ಸ್ಲೀಪರ್ ಬಸ್ಸಿನ ಮೇಲಿನ ಸೀಟು, ಕೊನೆಗೆ ವಿಜಯಪುರದ ಗೋಳಗುಮ್ಮಟ. ಗುಮ್ಮಟದ ಮೂಲೆಗಳಲ್ಲಿರುವ ಏಳು ಅಂತಸ್ತಿನ ಗೋಪುರಗಳೊಳಗಿನ ಮೆಟ್ಟಿಲು ಕಿರಿದು, ಕಡಿದು, ಅಲ್ಲಲ್ಲಿ ಕತ್ತಲು. ಹಿಂದೆ ಮುಂದೆ ಜನ ಇದ್ದರೆ ತಿರುಗಿ ಬರಲೂ ಕಷ್ಟ. ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಎದೆಬಡಿತವೆಲ್ಲ ಅಪಾಯದ ಸೂಚನೆಯಲ್ಲ ಎಂಬುದನ್ನು ದೇಹಕ್ಕೆ ಕಲಿಸಲು ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಮೊಣಕಾಲು ನೋವು ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ಇದನ್ನು ಬಿಟ್ಟು ಲಿಫ್ಟಿನಲ್ಲೇ ಅಭ್ಯಾಸ ಮುಂದುವರಿಸಲಿ.

ಇಲ್ಲೊಂದು ನಿಯಮವನ್ನು ತಪ್ಪಿಸಬಾರದು. ಭಯ ಏರಿದಾಗಲೇ ಓಡಿಬಂದರೆ, ಓಡಿದ್ದರಿಂದಲೇ ಬದುಕಿಕೊಂಡೆನೆಂದು ಮನಸ್ಸು ಪಾಠ ಕಲಿಯುತ್ತದೆ; ಮುಂದಿನ ಸಲ ಭಯ ಇಮ್ಮಡಿಯಾಗುತ್ತದೆ. ಆದ್ದರಿಂದ ಭಯ ಅರ್ಧಕ್ಕಾದರೂ ಇಳಿಯುವವರೆಗೆ ಅಲ್ಲಿಯೇ ಇದ್ದು, ಆಮೇಲೆ ಹೊರಬನ್ನಿ. ಲಿಫ್ಟಿನಲ್ಲಿ ಒಂದೇ ಮಹಡಿ ಹೋದರೂ ಸಾಕು, ಅದನ್ನೇ ಹತ್ತು ಸಲ ಮಾಡಿ.

ಅಭ್ಯಾಸಕ್ಕೆ ಕೂಡಲೂ ಆಗದಷ್ಟು ಭಯವಿದ್ದರೆ ಮನೋವೈದ್ಯರನ್ನು ಕಾಣಬೇಕು, ಇದಕ್ಕೆ ನಾಚುವಂಥದ್ದೇನಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರು ಮಾತ್ರೆ ಬರೆದುಕೊಟ್ಟರೆ, ಮೊದಲ ಸಲ ಅದನ್ನು ವಿಮಾನದಲ್ಲಿ ನುಂಗದೆ, ಅವರನ್ನು ಕೇಳಿ ಮನೆಯಲ್ಲಿಯೇ ತೆಗೆದುಕೊಂಡು ನೋಡಿ. ಅದರೊಂದಿಗೆ ಮದ್ಯ ಸೇರಲೇಬಾರದು.

ಟಿಕೆಟ್ ತೆಗೆಯುವಾಗ

ಸೀಟಿನ ಆಯ್ಕೆಗೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ. ಪ್ರಾದೇಶಿಕ ಮಾರ್ಗಗಳಲ್ಲಿ ಹಾರುವ ಎಂಬ್ರೇಯರ್ 145 ವಿಮಾನದಲ್ಲಿ ಒಂದು ಬದಿಗೆ ಒಂದೇ ಸೀಟು, ಇನ್ನೊಂದು ಬದಿಗೆ ಎರಡು ಸೀಟುಗಳಿರುತ್ತವೆ. ಒಂಟಿ ಸೀಟಿನವರಿಗೆ ಕಿಟಕಿಯೂ ಸಿಗುತ್ತದೆ, ಯಾರನ್ನೂ ದಾಟದೆ ಏಳುವ ಅವಕಾಶವೂ ಸಿಗುತ್ತದೆ. ಪ್ರೊಪೆಲ್ಲರ್ ಇರುವ ಚಿಕ್ಕ ಎಟಿಆರ್ ವಿಮಾನದಲ್ಲಿ ಪ್ರಯಾಣಿಕರು ಸಾಮಾನ್ಯವಾಗಿ ಹಿಂದಿನ ಬಾಗಿಲಿನಿಂದ ಹತ್ತಿ ಇಳಿಯುವುದರಿಂದ, ಬೇಗ ಇಳಿಯಬೇಕೆನ್ನುವವರಿಗೆ ಹಿಂದಿನ ಸಾಲೇ ಲೇಸು. ದೊಡ್ಡ ವಿಮಾನದಲ್ಲಿ ಮೂವರ ನಡುವಿನ ಸೀಟು ಬೇಡವೇ ಬೇಡ.

ಒಳಗೆ ಕುಳಿತ ಮೇಲೆ

ಹತ್ತುವಾಗಲೇ ಗಗನಸಖಿಗೆ, "ನನಗೆ ಇಕ್ಕಟ್ಟಿನಲ್ಲಿ ಹೆದರಿಕೆಯಾಗುತ್ತದೆ, ಒಮ್ಮೊಮ್ಮೆ ವಿಚಾರಿಸಿ" ಎಂದು ತಿಳಿಸಿ. ಕುಳಿತೊಡನೆ ತಲೆಯ ಮೇಲಿನ ಗಾಳಿಯ ಗುಂಡಿಯನ್ನು ತಿರುಗಿಸಿ, ಗಾಳಿ ನೇರವಾಗಿ ಮುಖಕ್ಕೆ ಬರುವಂತೆ ಮಾಡಿಕೊಳ್ಳಿ. ಬಾಗಿಲು ಮುಚ್ಚಿ ವಿಮಾನ ಇನ್ನೂ ನಿಂತೇ ಇರುವ ಹೊತ್ತೇ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಆಗ ಒಳಗೆ ಸೆಕೆಯೂ ಹೆಚ್ಚಿರಬಹುದು. ಹಾರಿದ ಮೇಲೆ ಹೊರಗಿನ ಗಾಳಿ ನಿರಂತರವಾಗಿ ಒಳಬರುತ್ತಿರುತ್ತದೆ. ಜೆಟ್ ವಿಮಾನಗಳಲ್ಲಿ ಕೆಲವೇ ನಿಮಿಷಗಳಿಗೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆ. ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿರುವುದಕ್ಕಿಂತ ಕಡಿಮೆಯಾಗದಂತೆ ಕಾಯ್ದಿರುತ್ತಾರೆ. 7,000 ಅಡಿಗೂ ಎತ್ತರದ ಊಟಿಯಲ್ಲಿ ನಾವು ಓಡಾಡಿ ಬರುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದೇ ಗಾಳಿ ಅದು.

ಭಯ ಬಂದರೆ "ಜೋರಾಗಿ ಉಸಿರು ತಗೋ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಹಗುರಾಗಿ ಉಸಿರೆಳೆದು, ಬಿಸಿ ಹಾಲು ಆರಿಸುವಂತೆ ತುಟಿ ಕಿರಿದು ಮಾಡಿ ಆರು ಎಣಿಸುವಷ್ಟು ಹೊತ್ತು ಬಿಡಿ. ಇದನ್ನು ಐದು ನಿಮಿಷ ಮಾಡಿ. ಎರಡನೆಯ ಸಲ ಹೊರಟಾಗ ಅವ್ವ ಒಂದು ನಿಂಬೆಹಣ್ಣು ಇಟ್ಟುಕೊಂಡಿದ್ದಳು. ಭಯ ಏರಿದಾಗಲೆಲ್ಲ ಅದರ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸುತ್ತ, "ಬಂತು… ಬರ್ಲಿ" ಎನ್ನುತ್ತಿದ್ದಳು. ಭಯವನ್ನು ತಳ್ಳದೆ ಬರಗೊಟ್ಟು, ಗಮನವನ್ನು ವಾಸನೆಗೋ ಸ್ಪರ್ಶಕ್ಕೋ ಕಟ್ಟಿಹಾಕುವ ಈ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಜೊತೆಯಲ್ಲಿದ್ದವರು ಉಪದೇಶ ಮಾಡದೆ, ಅವರ ಉಸಿರಿನ ಲೆಕ್ಕವನ್ನು ಮೆಲ್ಲಗೆ ಎಣಿಸುತ್ತಿದ್ದರೆ ಸಾಕು.

ಇಳಿದ ಮೇಲೆ

ಬಾಗಿಲು ಮುಚ್ಚಿದಾಗ, ಹಾರಿ 10 ನಿಮಿಷವಾದಾಗ, ಇಳಿಯುವ ಮುನ್ನ, ಹೀಗೆ ಮೂರು ಹೊತ್ತಿನಲ್ಲಿ ಭಯ ಹತ್ತಕ್ಕೆ ಎಷ್ಟಿತ್ತೆಂದು ಅಂದೇ ಬರೆದಿಡಿ. ಹೇಗೋ ಹೋಗಿ ಮುಟ್ಟಿದೆವೆಂದು ವಾಪಸು ರೈಲಿಗೆ ಬರಬೇಡಿ. ಕಲಿತದ್ದು ಗಟ್ಟಿಯಾಗುವುದು ಮರುಪ್ರಯಾಣದಲ್ಲಿಯೇ. ಅವ್ವನ ಚೀಟಿಯಲ್ಲಿ ಬೆಂಗಳೂರಿಗೆ ಹೋಗುವಾಗ 9, 6, 3 ಎಂದಿತ್ತು, ನಾಲ್ಕು ದಿನ ಬಿಟ್ಟು ಸಾಂಬ್ರಾಕ್ಕೆ ಮರಳುವಾಗ 7, 4, 1.