ಪೋಸ್ಟ್‌ಗಿಂತ ಮೊದಲು ಪಟ್ಟಿ: ಜಿಲ್ಲಾ ವರದಿಗಾರಿಕೆಗೆ ಜಾಲತಾಣ ಹೊಂದಿಸಿಕೊಂಡ ಬಗೆ

ಮೊದಲ ಒಂದು ತಿಂಗಳು ಏನನ್ನೂ ಹಾಕಬಾರದು, ಯಾರನ್ನು ಓದಬೇಕು ಎಂಬ ಪಟ್ಟಿಯನ್ನಷ್ಟೇ ಕಟ್ಟಬೇಕು. ಸಾಮಾಜಿಕ ಜಾಲತಾಣವನ್ನು ಸುದ್ದಿಯ ಕೆಲಸಕ್ಕೆ ಬಳಸಲು ಶುರುಮಾಡಿದಾಗ ನಾನು ಹಿಡಿದ ಕ್ರಮ ಇದು. ನನ್ನ ಬೀಟ್, ಅಂದರೆ ನಾನು ವರದಿ ಮಾಡುವ ಪ್ರದೇಶ, ತುಂಗಭದ್ರಾ ಅಚ್ಚುಕಟ್ಟು. ಮಳೆಗಾಲದಲ್ಲಿ ಇಲ್ಲಿ ಒಂದು ತಪ್ಪು ಪೋಸ್ಟ್ ಹೋದರೆ ಹೊಳೆದಂಡೆಯ ಹಳ್ಳಿಗಳಲ್ಲಿ ಜನ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾರೆ.

ಖಾತೆ ತೆರೆಯುವಾಗ ಬೈಲೈನ್‌ನಲ್ಲಿ ಬರುವ ಹೆಸರನ್ನೇ ಇಟ್ಟೆ. ಪರಿಚಯದ ಸಾಲಿನಲ್ಲಿ ಪತ್ರಿಕೆ, ಜಿಲ್ಲೆ, ಕೆಲಸದ ಇಮೇಲ್ ಇಷ್ಟೇ. ಮನೆಯವರು ಬಳಸುವ ಮೊಬೈಲ್ ಸಂಖ್ಯೆ ಬೇಡ, ಕೆಲಸಕ್ಕೆ ಬೇರೆ ಸಿಮ್ ಇರಲಿ. ಫೇಸ್‌ಬುಕ್ಕಿನ ವೈಯಕ್ತಿಕ ಖಾತೆಗೆ 5,000 ಸ್ನೇಹಿತರ ಮಿತಿ ಇರುವುದರಿಂದ ಪೇಜ್ ಮಾಡುವುದೇ ಸರಿ. ಎರಡು ಹಂತದ ಭದ್ರತೆಯನ್ನು ಎಸ್‌ಎಂಎಸ್ ಬದಲು ಫೋನಿನಲ್ಲೇ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ಗೆ ಜೋಡಿಸಿ. ನಕಲಿ ದಾಖಲೆ ಕೊಟ್ಟು ನಿಮ್ಮ ಸಂಖ್ಯೆಗೆ ಇನ್ನೊಂದು ಸಿಮ್ ಮಾಡಿಸಿಕೊಂಡವರ ಕೈಗೆ ಎಸ್‌ಎಂಎಸ್ ಕೋಡ್ ನೇರವಾಗಿ ಹೋಗುತ್ತದೆ. ವಾಟ್ಸ್‌ಆ್ಯಪ್‌ಗೆ 6 ಅಂಕಿಯ ಪಿನ್ ಹಾಕಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಫೋನಿನಲ್ಲಿಟ್ಟರೆ ಫೋನ್ ಕಳೆದ ದಿನ ಅವೂ ಕಳೆದುಹೋಗುತ್ತವೆ.

ಪಟ್ಟಿಯ ಕೆಲಸಕ್ಕೆ ಎಕ್ಸ್‌ನ (ಹಿಂದಿನ ಟ್ವಿಟರ್) ಲಿಸ್ಟ್ ಸೌಲಭ್ಯ ಸಾಕು. ನನ್ನವು ಮೂರು. ಒಂದರಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಪಂಚಾಯಿತಿ ಸಿಇಒ, ನೈರುತ್ಯ ರೈಲ್ವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಎರಡನೆಯದು ಜನಪ್ರತಿನಿಧಿಗಳದು. ಮೂರನೆಯದು ಊರಿನವರದು: ಶಾಲಾ ಶಿಕ್ಷಕರು, ಭತ್ತದ ವ್ಯಾಪಾರಿಗಳು, ನೀರು ಬಳಕೆದಾರರ ಸಂಘದವರು. ಈ ಮೂರನೆಯದನ್ನು ಕಟ್ಟುವುದೇ ಕಷ್ಟ, ಸುದ್ದಿ ಹುಟ್ಟುವುದೂ ಅಲ್ಲೇ. ಪಟ್ಟಿಗಳನ್ನು ಪ್ರೈವೇಟ್ ಮಾಡಿಟ್ಟರೆ ಸೇರಿಸಿದ್ದು ಅವರಿಗೆ ಗೊತ್ತಾಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಸೇರುವಾಗ ಮಾತ್ರ ನಾನು ವರದಿಗಾರ ಎಂದು ಮೊದಲೇ ಬರೆಯುತ್ತೇನೆ, ಗುಂಪಿನ ಮಾತನ್ನು ಆಡಿದವರ ಒಪ್ಪಿಗೆಯಿಲ್ಲದೆ ಪತ್ರಿಕೆಗೆ ತರುವುದಿಲ್ಲ. ಮೀಡಿಯಾ ಆಟೊ ಡೌನ್‌ಲೋಡ್ ನಿಲ್ಲಿಸದಿದ್ದರೆ ಫೋನ್ ಬೇಗ ತುಂಬಿ, ಸ್ಥಳದಲ್ಲಿ ವಿಡಿಯೊ ತೆಗೆಯಲು ಜಾಗವೇ ಇರುವುದಿಲ್ಲ.

ಹುಡುಕುವಾಗ ಪತ್ರಿಕೆಯ ಪದ ಹಾಕಿದರೆ ಪತ್ರಿಕೆಯ ಸುದ್ದಿಯೇ ಸಿಗುತ್ತದೆ. 'ಪ್ರವಾಹ' ಎಂದು ಹುಡುಕಬೇಡಿ. ಸ್ಥಳದಲ್ಲಿದ್ದವರು ಬರೆಯುವುದು 'ನೀರು ಬಂತು', 'ರೋಡ್ ಬಂದ್', 'ಬ್ರಿಡ್ಜ್ ಮುಳುಗಿದೆ' ಎಂದು. ಇದೇ ಮಾತನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲೂ ಹಾಕಬೇಕು. 2014ರ ನವೆಂಬರ್ 1ರಂದು ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದ ಊರುಗಳಿಗೆ ಹಳೆಯದು ಹೊಸದು ಎರಡೂ ಬೇಕು: ಹೊಸಪೇಟೆ ಮತ್ತು ಹಾಸ್ಪೆಟ್, ಬಳ್ಳಾರಿ ಮತ್ತು ಬೆಲ್ಲಾರಿ. ಎಕ್ಸ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ದಿನಾಂಕದ ಮಿತಿ ಕೊಟ್ಟರೆ ಹೋದ ವರ್ಷದ ಸರಕು ದೂರ ಉಳಿಯುತ್ತದೆ.

ಇನ್ನು ವಿಡಿಯೊ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಅಲ್ಲಿ ನೀರು ತಡೆಯುವ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಹೊಳೆಗೆ ನೀರು ಬಿಟ್ಟಾಗಲೆಲ್ಲ ಇಂಥ ದೃಶ್ಯಗಳೂ ಕಂಪ್ಲಿ ಸೇತುವೆ ಮುಳುಗಿದ ಹಳೆಯ ದೃಶ್ಯಗಳೂ 'ಈಗಷ್ಟೇ' ಎಂಬ ತಲೆಬರಹ ಹೊತ್ತು ಬರಬಹುದು. ಕಳಿಸಿದವರಿಗೆ ನಾನು ಮೊದಲು ಕೇಳುವುದು 'ನಿಜವೇ?' ಎಂದಲ್ಲ, 'ತೆಗೆದವರು ಯಾರು?' ಎಂದು. ತೆಗೆದವರು ಸಿಕ್ಕರೆ ಮೂಲ ಫೈಲನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳುತ್ತೇನೆ. ಮಾಮೂಲಿ ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ, ತೆಗೆದ ಸಮಯ, ಜಾಗದ ಮಾಹಿತಿಯನ್ನು ಅಳಿಸಿಬಿಡುತ್ತದೆ. ನಿಜವಾಗಿ ಸ್ಥಳದಲ್ಲಿದ್ದವರ ಫೋನಿನಲ್ಲಿ ಬಹುತೇಕ ಅದೇ ಹೊತ್ತಿನ ಇನ್ನೂ ಒಂದೆರಡು ತುಣುಕು ಇರುತ್ತವೆ, ಅವನ್ನೂ ಕೇಳಿ.

ತೆಗೆದವರು ಸಿಗದಿದ್ದರೆ ವಿಡಿಯೊವನ್ನು ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಚಿತ್ರ ಕೊಟ್ಟರೆ ಅಂಥದ್ದನ್ನೇ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡುತ್ತೇನೆ. ನೀರು ತುಂಬಿದ ಫ್ರೇಮ್‌ನಿಂದ ಏನೂ ಸಿಗದು, ಕಟ್ಟಡ ಅಥವಾ ಬೋರ್ಡ್ ಇರುವ ಫ್ರೇಮ್ ಆರಿಸಬೇಕು. ಇಂಥದೇ ಇನ್ನೊಂದು ತಾಣ ಟಿನ್‌ಐನಲ್ಲಿ ಅತಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಏನೂ ಸಿಗಲಿಲ್ಲವೆಂದರೆ ಹೊಸದೆಂದು ಅರ್ಥವಲ್ಲ, ವಾಟ್ಸ್‌ಆ್ಯಪ್‌ನಲ್ಲಷ್ಟೇ ಓಡಾಡಿದ್ದು ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಆಗ ದೃಶ್ಯದ ಒಳಗಡೆ ನೋಡಬೇಕು. ಬಸ್ಸಿನ ಮೇಲೆ 'ಕಲ್ಯಾಣ ಕರ್ನಾಟಕ' ಸಾರಿಗೆ ಎಂದಿದ್ದರೆ ವಿಡಿಯೊ 2021ಕ್ಕಿಂತ ಹಿಂದಿನದಲ್ಲ, ಆ ಹೆಸರು ಬಂದದ್ದೇ ಆಗ. ವಾಹನದ ಸಂಖ್ಯೆ ಕೆಎ 35 ಎಂದು ಶುರುವಾದರೆ ಹೊಸಪೇಟೆ, ಕೆಎ 37 ಆದರೆ ಕೊಪ್ಪಳದ ನೋಂದಣಿ. ಒಂದೇ ಗಾಡಿಯನ್ನು ನಂಬಬೇಡಿ, ಏಳೆಂಟು ಗಾಡಿಗಳ ಸಂಖ್ಯೆ ಹೊಂದಿಕೊಂಡರೆ ಆ ಸುಳಿವಿಗೆ ತೂಕ. ಕೊನೆಗೆ ಮಳೆಯ ಲೆಕ್ಕ: ವಿಡಿಯೊದವರು ಹೇಳುವ ದಿನ ಅಲ್ಲಿ ಮಳೆ ಬಿದ್ದಿತ್ತೇ ಎಂದು ನೋಡುವುದು. ದಿನದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಈ ದಿನ ಬೆಳಿಗ್ಗೆ 8.30ರವರೆಗಿನದು. ಇದು ತಿಳಿಯದೆ ನಿನ್ನೆ ಸಂಜೆಯ ಮಳೆಯನ್ನು ನಿನ್ನೆಯ ಪಟ್ಟಿಯಲ್ಲಿ ಹುಡುಕಿದರೆ ಸಿಗದು, ನಿಜವಾದ ವಿಡಿಯೊವನ್ನೇ ಸುಳ್ಳೆಂದು ಬದಿಗಿಡುವ ತಪ್ಪಾಗುತ್ತದೆ.

ಕತ್ತರಿಸಿದ ವಿಡಿಯೊ ಇನ್ನೂ ಅಪಾಯಕಾರಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯ ಜೊತೆ ದೇಶದಲ್ಲಿ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರವಾಗಿತ್ತು. ಬೈಕಿನವರು ಮಗುವನ್ನು ವಾಪಸು ತಂದು ಫಲಕ ತೋರಿಸುವ ಕೊನೆಯ ಭಾಗವನ್ನು ತೆಗೆದುಹಾಕಿದ್ದರು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ವದಂತಿ ನಂಬಿದ ಗುಂಪು ಒಬ್ಬರ ಜೀವ ತೆಗೆಯಿತು. ಥಟ್ಟನೆ ಮುಗಿಯುವ ಯಾವ ವಿಡಿಯೊ ಬಂದರೂ ಉದ್ದದ ಪ್ರತಿ ಸಿಗುವ ತನಕ ನಾನು ಮುಟ್ಟುವುದಿಲ್ಲ.

ಹಾಕುವ ಹಂತಕ್ಕೆ ಬಂದಾಗ ಮೊದಲ ತೊಡಕು ಅಕ್ಷರದ್ದು. ಪುಟ ಕಟ್ಟಲು ಬಳಸುವ ನುಡಿ ಫಾಂಟಿನ ಹಳೆಯ ಎನ್‌ಕೋಡಿಂಗ್‌ನ ಪಠ್ಯವನ್ನು ಹಾಗೇ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಮೂಡುತ್ತವೆ. ಪರಿವರ್ತಕದಲ್ಲಿ ಅದನ್ನು ಎಲ್ಲ ಫೋನುಗಳಲ್ಲೂ ಓದಲು ಬರುವ ಯುನಿಕೋಡ್ ಮಾಡಿ, ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ಓದಬೇಕು. ಎಕ್ಸ್‌ನ ಉಚಿತ ಖಾತೆಯ 280 ಅಕ್ಷರಗಳ ಮಿತಿಯ ಲೆಕ್ಕದಲ್ಲಿ ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದು: 'ರಾಷ್ಟ್ರೀಯ' ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ 9. ಕೊಂಡಿ (ಲಿಂಕ್) ಎಷ್ಟೇ ಉದ್ದವಿದ್ದರೂ 23. ಜಲಾಶಯದ ಸುದ್ದಿಯಾದರೆ ಮಟ್ಟ, ಒಳಹರಿವು, ಹೊರಹರಿವು, ಅಳೆದ ಹೊತ್ತು ಈ ನಾಲ್ಕೂ ಇರಲೇಬೇಕು. ಹೊತ್ತು ಬರೆಯದ ಕ್ಯುಸೆಕ್ ಅಂಕಿ ಮಧ್ಯಾಹ್ನದ ಹೊತ್ತಿಗೆ ಸುಳ್ಳಾಗಿರಬಹುದು. ಇಂಥ ಮಾಹಿತಿಗೆ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಚಾನೆಲ್ ಅನುಕೂಲ. ಹಿಂಬಾಲಕರ ಸಂಖ್ಯೆಗಳು ಪರಸ್ಪರ ಕಾಣುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕರಣದಲ್ಲಿ ಮಗುವಿನ ಹೆಸರು, ಚಿತ್ರ ಮಾತ್ರವಲ್ಲ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆಯನ್ನೂ ಬಯಲು ಮಾಡುವುದನ್ನು 23ನೇ ಕಲಂ ನಿಷೇಧಿಸುತ್ತದೆ. ಎಫ್‌ಐಆರ್ ಚಿತ್ರವನ್ನು ಹಾಗೇ ಹಾಕುವವರು ಎಡವುವುದು ಇಲ್ಲೇ. ಫೋನಿನಲ್ಲಿ ಹೆಸರಿನ ಮೇಲೆ ಪೆನ್ನಿನಂತೆ ಗೀಚಿದ ಗೆರೆಯ ಅಡಿಯಿಂದ ಅಕ್ಷರ ಓದಲು ಬರಬಹುದು, ಆ ಭಾಗವನ್ನು ಪೂರಾ ಕತ್ತರಿಸಿ.

ತಪ್ಪಾದರೆ ಸದ್ದಿಲ್ಲದೆ ಅಳಿಸುವುದು ನನಗೆ ಒಪ್ಪಿಗೆಯಿಲ್ಲ. ಜೀವಕ್ಕೆ ಅಪಾಯ ತರುವಂಥದ್ದಾದರೆ ತಕ್ಷಣ ತೆಗೆದು, 'ತಿದ್ದುಪಡಿ' ಎಂದು ಶುರುವಾಗುವ ಹೊಸ ಪೋಸ್ಟ್‌ನಲ್ಲಿ ಏನು ತಪ್ಪಿತ್ತು, ಸರಿ ಯಾವುದು ಎಂದು ಬರೆಯುತ್ತೇನೆ. ಅಂಕಿ ತಪ್ಪಿದ್ದರೆ ಅದೇ ಪೋಸ್ಟ್‌ನ ಕೆಳಗೆ ಉತ್ತರವಾಗಿ ತಿದ್ದುತ್ತೇನೆ. ಮೊದಲನೆಯದನ್ನು ಯಾವ್ಯಾವ ಗುಂಪಿಗೆ ಕಳಿಸಿದ್ದೆನೋ ಅಷ್ಟಕ್ಕೂ ತಿದ್ದುಪಡಿಯನ್ನು ಕಳಿಸಬೇಕು. ಅದಕ್ಕೆಂದೇ, ಕಳಿಸಿದ ಗುಂಪುಗಳ ಹೆಸರನ್ನು ಆಗಿಂದಾಗಲೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.